ಮಾತು ಯಾರ ಕಿವಿಗೆ? ರಂಗದ ಮಾತಿನ ಬಗೆಗಳು ಮತ್ತು ಮುಂಬಯಿಯ ಕನ್ನಡ

ನಾಟಕದ ಪುಸ್ತಕ ಓದುವಾಗ ನಾವು ಕಣ್ಣು ಹಾಯಿಸಿ ಮುಂದೆ ಸಾಗಿಬಿಡುವ ಕೆಲವು ಪುಟ್ಟ ಪದಗಳಿವೆ. ಸ್ವಗತ, ಪ್ರಕಾಶ, ಜನಾಂತಿಕ, ಅಪವಾರಿತ, ಆಕಾಶಭಾಷಿತ. ಪಾತ್ರದ ಹೆಸರಿಗೂ ಅದರ ಮಾತಿಗೂ ನಡುವೆ ಆವರಣದಲ್ಲಿ ಕುಳಿತಿರುವ ಈ ಸೂಚನೆಗಳು ನಟನಿಗಾಗಿ ಇರುವಂಥವು, ಓದುಗನಿಗೆ ಅವುಗಳಿಂದ ಆಗಬೇಕಾದದ್ದೇನೂ ಇಲ್ಲ ಎಂಬುದು ಸಾಮಾನ್ಯ ಭಾವನೆ. ಆದರೆ ನಮ್ಮ ನಾಟ್ಯ ಮೀಮಾಂಸೆಯ ಒಂದು ಮೂಲಭೂತ ಚಿಂತನೆ ಅಡಗಿರುವುದು ಈ ಪದಗಳಲ್ಲಿಯೇ. ರಂಗದ ಮೇಲಿನ ಮಾತನ್ನು ಪ್ರಾಚೀನರು ವಿಂಗಡಿಸಿದ್ದು ಅದನ್ನು ಯಾರು ಆಡುತ್ತಾರೆ ಎಂಬುದರಿಂದಲ್ಲ, ಏನನ್ನು ಆಡುತ್ತಾರೆ ಎಂಬುದರಿಂದಲೂ ಅಲ್ಲ. ಅದನ್ನು ಯಾರು ಕೇಳುತ್ತಾರೆ ಎಂಬುದರಿಂದ.

ಭರತನ ನಾಟ್ಯಶಾಸ್ತ್ರದ ಚಿತ್ರಾಭಿನಯ ಅಧ್ಯಾಯದಲ್ಲಿ ಆಕಾಶವಚನ, ಆತ್ಮಗತ, ಅಪವಾರಿತಕ, ಜನಾಂತಿಕಗಳ ವಿವರಣೆ ಬರುತ್ತದೆ. ಹತ್ತನೆಯ ಶತಮಾನದಲ್ಲಿ ಮಾಳವದ ಪರಮಾರ ದೊರೆ ಮುಂಜನ ಆಶ್ರಯದಲ್ಲಿದ್ದ ಧನಂಜಯ ತನ್ನ ದಶರೂಪಕದಲ್ಲಿ ಇದನ್ನೇ ಇನ್ನಷ್ಟು ಅಚ್ಚುಕಟ್ಟಾಗಿಸಿದ. ರಂಗದ ಮಾತು ಮೂರು ಬಗೆ: ಎಲ್ಲರೂ ಕೇಳಬಹುದಾದದ್ದು ಸರ್ವಶ್ರಾವ್ಯ, ಗೊತ್ತುಪಡಿಸಿದ ಕೆಲವರು ಮಾತ್ರ ಕೇಳಬಹುದಾದದ್ದು ನಿಯತಶ್ರಾವ್ಯ, ಯಾರೂ ಕೇಳಬಾರದ್ದು ಅಶ್ರಾವ್ಯ. ಪ್ರಕಾಶವೆನ್ನುವುದು ಮೊದಲನೆಯದು. ಸ್ವಗತ ಮೂರನೆಯದು. ಜನಾಂತಿಕ ಮತ್ತು ಅಪವಾರಿತಗಳು ನಡುವಿನ ವರ್ಗಕ್ಕೆ ಸೇರುತ್ತವೆ. ಹಲವರಿರುವ ಕಡೆ ಉಂಗುರಬೆರಳನ್ನು ಮಡಿಸಿದ ತ್ರಿಪತಾಕ ಹಸ್ತವನ್ನು ಅಡ್ಡ ಹಿಡಿದು, ಉಳಿದವರನ್ನು ಮರೆಮಾಡಿ, ಇಬ್ಬರು ಪರಸ್ಪರ ಆಡಿಕೊಳ್ಳುವುದು ಜನಾಂತಿಕ. ಮೈ ತಿರುಗಿಸಿ ಒಬ್ಬನಿಗೆ ಗುಟ್ಟು ಹೇಳುವುದು ಅಪವಾರಿತ. ಇವೆಲ್ಲಕ್ಕೂ ಹೊರಗೆ ನಿಲ್ಲುವುದು ಆಕಾಶಭಾಷಿತ. ರಂಗದಲ್ಲಿಲ್ಲದ ವ್ಯಕ್ತಿಯೊಡನೆ ನಟನೊಬ್ಬನೇ ಮಾತನಾಡುತ್ತಾನೆ, ‘ಏನು, ಹೀಗೆನ್ನುತ್ತೀಯಾ?’ ಎಂದು ಆ ಕಾಣದವನ ಉತ್ತರವನ್ನೂ ತಾನೇ ನುಡಿದು ಸಂವಾದವನ್ನು ಮುಂದುವರಿಸುತ್ತಾನೆ. ಭಾಣವೆಂಬ ಏಕಪಾತ್ರದ ರೂಪಕವಂತೂ ಆದ್ಯಂತವಾಗಿ ನಿಂತಿರುವುದೇ ಇದರ ಮೇಲೆ.

ಕಾಳಿದಾಸನ ಶಾಕುಂತಲದಲ್ಲಿ ಇವುಗಳ ಬಳಕೆಯನ್ನು ಚೆನ್ನಾಗಿ ಕಾಣಬಹುದು. ಮೊದಲ ಅಂಕದಲ್ಲಿ ದುಷ್ಯಂತನನ್ನು ಕಂಡ ಶಕುಂತಲೆ ತಪೋವನಕ್ಕೆ ಒಗ್ಗದ ಭಾವವೊಂದು ತನ್ನಲ್ಲಿ ಹುಟ್ಟಿದ್ದನ್ನು ಆತ್ಮಗತವಾಗಿ ಹೇಳಿಕೊಳ್ಳುತ್ತಾಳೆ. ಅದೇ ಹೊತ್ತಿನಲ್ಲಿ ಸಖಿಯರು ಈ ಅಪರಿಚಿತ ಯಾರಿರಬಹುದೆಂದು ಜನಾಂತಿಕವಾಗಿ ವಿಚಾರಿಸಿಕೊಳ್ಳುತ್ತಾರೆ. ಆಮೇಲೆ ಎಲ್ಲರೂ ಪ್ರಕಾಶವಾಗಿ ಕುಶಲ ಪ್ರಶ್ನೆಗೆ ತೊಡಗುತ್ತಾರೆ. ಮೂರನೆಯ ಅಂಕದ ವಿಷ್ಕಂಭಕದಲ್ಲಿ ಕಣ್ವಾಶ್ರಮದ ಶಿಷ್ಯನೊಬ್ಬ ಆಕಾಶದ ಕಡೆಗೆ ತಿರುಗಿ ಪ್ರಿಯಂವದೆಯನ್ನು ಮಾತನಾಡಿಸುತ್ತಾನೆ. ಅವಳು ರಂಗದಲ್ಲಿಲ್ಲ. ಆದರೆ ಅವಳ ಕೈಯಲ್ಲಿರುವ ಲಾಮಂಚದ ಲೇಪ, ತಾವರೆಯೆಲೆ, ಶಕುಂತಲೆಯ ಅಸ್ವಸ್ಥತೆ ಎಲ್ಲವೂ ನಮಗೆ ತಿಳಿದುಬಿಡುತ್ತದೆ. ಸ್ವಗತಕ್ಕೂ ಜನಾಂತಿಕಕ್ಕೂ ಆಕಾಶಭಾಷಿತಕ್ಕೂ ಇರುವ ಏಕೈಕ ಸಾಮಾನ್ಯ ಕೇಳುಗ ಪ್ರೇಕ್ಷಕ. ಯಾರೂ ಕೇಳಬಾರದ ಮಾತನ್ನೂ ಅವನು ಕೇಳಿಸಿಕೊಳ್ಳುತ್ತಾನೆ. ಅವನಿಲ್ಲದಿದ್ದರೆ ಈ ವಿಂಗಡಣೆಗೆ ಅರ್ಥವೇ ಇಲ್ಲ.

ಇನ್ನೊಂದು ವಿಂಗಡಣೆ ಭಾಷೆಯದು. ಸಂಸ್ಕೃತ ನಾಟಕವೆಂದು ನಾವು ಕರೆಯುವುದು ವಾಸ್ತವದಲ್ಲಿ ಬಹುಭಾಷಾ ನಾಟಕ. ರಾಜನೂ ಋಷಿಯೂ ಸಂಸ್ಕೃತವನ್ನಾಡಿದರೆ ಶಕುಂತಲೆಯೂ ಸಖಿಯರೂ ಶೌರಸೇನಿಯನ್ನಾಡುತ್ತಾರೆ. ಆರನೆಯ ಅಂಕದಲ್ಲಿ ಉಂಗುರ ನುಂಗಿದ ಮೀನನ್ನು ಹಿಡಿದ ಬೆಸ್ತ ಮಾಗಧಿಯಲ್ಲಿ ಅಳಲು ತೋಡಿಕೊಳ್ಳುತ್ತಾನೆ. ಮೃಚ್ಛಕಟಿಕದ ಶಕಾರನ ಮಾತಿನ ವಿಕಾರಕ್ಕೆ ಅವನ ಹೆಸರೇ ಸಾಕ್ಷಿ. ಯಾರು ಯಾವ ನುಡಿಯನ್ನಾಡಿದರೂ ಎದುರಿನವನಿಗೆ ಅದು ತಿಳಿಯುತ್ತದೆ ಎಂಬುದು ರಂಗದ ಒಪ್ಪಂದ. ಈ ನಾಟಕಗಳು ಕನ್ನಡಕ್ಕೆ ಬಂದಾಗ ಕಳೆದುಹೋದದ್ದು ಮುಖ್ಯವಾಗಿ ಈ ಭಾಷಾಭೇದವೇ. ಅನುವಾದದಲ್ಲಿ ದೊರೆಯೂ ಬೆಸ್ತನೂ ಹೆಚ್ಚುಕಡಿಮೆ ಒಂದೇ ಗ್ರಾಂಥಿಕ ಕನ್ನಡದಲ್ಲಿ ಮಾತನಾಡತೊಡಗಿದರು.

ಮಾತನ್ನು ಕೇಳುಗನಿಂದ ಅಳೆಯುವ ಈ ಕ್ರಮವನ್ನು ಮುಂಬಯಿಯ ಕನ್ನಡ ರಂಗಭೂಮಿಯ ಚರಿತ್ರೆಗೆ ಅನ್ವಯಿಸಿ ನೋಡಬೇಕೆಂಬುದು ಈ ಬರಹದ ಉದ್ದೇಶ. ಈ ನಗರದಲ್ಲಿ ಕನ್ನಡದ ಮಾತಿಗೆ ರಂಗವೊಂದು ದೊರೆತದ್ದು ಹೇಗೆ, ಅದರ ಕೇಳುಗರು ಯಾರಾಗಿದ್ದರು, ಈಗ ಯಾರಿದ್ದಾರೆ ಎಂಬ ಪ್ರಶ್ನೆಗಳಿಗೆ ನಾಟ್ಯಶಾಸ್ತ್ರದ ಪರಿಭಾಷೆ ಅನಿರೀಕ್ಷಿತವಾಗಿ ಒದಗಿಬರುತ್ತದೆ.

ಕಥೆಯನ್ನು ಸಾಂಗ್ಲಿಯಿಂದ ಆರಂಭಿಸಬೇಕು. 1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವೊಂದು ಸಾಂಗ್ಲಿ ಸಂಸ್ಥಾನಕ್ಕೆ ಹೋಗಿ ಅಲ್ಲಿ ಯಕ್ಷಗಾನ ಪ್ರದರ್ಶಿಸಿತು. ಅದನ್ನು ಕಂಡ ಸಂಸ್ಥಾನಾಧಿಪತಿ ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲಿಯೂ ಅಂಥದ್ದೊಂದು ಆಗಬೇಕೆಂದು ಬಯಸಿದರು. ಅವರ ಪ್ರೇರಣೆಯಿಂದ ವಿಷ್ಣುದಾಸ ಭಾವೆ 1843ರಲ್ಲಿ ಸೀತಾಸ್ವಯಂವರವನ್ನು ರಂಗಕ್ಕೆ ತಂದರು. ಮರಾಠಿ ರಂಗಭೂಮಿಯ ಆರಂಭವನ್ನು ಗುರುತಿಸುವುದು ಈ ಪ್ರಯೋಗದಿಂದಲೇ. 1853ರಲ್ಲಿ ಭಾವೆಯವರ ತಂಡ ಮುಂಬಯಿಗೆ ಬಂದು ಗ್ರ್ಯಾಂಟ್ ರೋಡಿನ ನಾಟಕಶಾಲೆಯಲ್ಲಿ ಪ್ರದರ್ಶನ ನೀಡಿತು.

ಭಾವೆಯವರ ನಾಟಕಗಳಲ್ಲಿ ಬರೆದ ಸಂಭಾಷಣೆ ಇರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಸೂತ್ರಧಾರ ಹಿಂದೆ ನಿಂತು ಪದ ಹಾಡುತ್ತಿದ್ದ. ಪಾತ್ರಧಾರಿಗಳು ಆ ಪದದ ಅರ್ಥವನ್ನು ತಮ್ಮದೇ ಮಾತಿನಲ್ಲಿ ಹೇಳುತ್ತಿದ್ದರು. ಅಂದರೆ ಭಾಗವತ ಮತ್ತು ಅರ್ಥಧಾರಿ ಎಂಬ ನಮ್ಮ ಜೋಡಿಯೇ ಅಲ್ಲಿ ವೇಷ ಬದಲಿಸಿ ನಿಂತಿತ್ತು. ರಾಕ್ಷಸ ಪಾತ್ರಗಳ ಆರ್ಭಟದಿಂದಾಗಿ ಆ ಕಾಲದ ನಾಟಕಗಳಿಗೆ ಮರಾಠಿಯಲ್ಲಿ ‘ಅಲಲಡುರ್ರ್’ ಎಂಬ ಪರಿಹಾಸ್ಯದ ಹೆಸರೇ ಅಂಟಿಕೊಂಡಿತು. ಬಣ್ಣದ ವೇಷದ ಅಬ್ಬರವನ್ನು ಬಲ್ಲ ಕರಾವಳಿಯವರಿಗೆ ಅದು ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ. 1880ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಪುಣೆಯಲ್ಲಿ ಸಂಗೀತ ಶಾಕುಂತಲವನ್ನು ಪ್ರಯೋಗಿಸಿದ ಮೇಲೆ ಮರಾಠಿ ಸಂಗೀತ ನಾಟಕ ಬರೆದ ಪಠ್ಯದ ಮೇಲೆಯೇ ಬೆಳೆಯಿತು. ಕಿರ್ಲೋಸ್ಕರರೂ ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಹೀಗೆ ಮರಾಠಿ ರಂಗಭೂಮಿ ಆಶುಭಾಷಣದಿಂದ ಲಿಖಿತ ಸಂಭಾಷಣೆಯ ಕಡೆಗೆ ನಡೆದರೆ ಕನ್ನಡ ಕರಾವಳಿ ಆಶುಭಾಷಣವನ್ನು ಬಿಡಲಿಲ್ಲ. ಬದಲಿಗೆ ಅದನ್ನೊಂದು ಸ್ವತಂತ್ರ ಕಲೆಯಾಗಿಯೇ ಬೆಳೆಸಿತು. ಅದೇ ತಾಳಮದ್ದಳೆ.

ಬಯಲಾಟ ‘ಆಟ’ವಾದರೆ ತಾಳಮದ್ದಳೆ ‘ಕೂಟ’. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ, ಪರದೆಯಿಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ, ಮದ್ದಳೆ ಚೆಂಡೆಗಳು ಜೊತೆಗೂಡುತ್ತವೆ. ಪಂಚೆಯುಟ್ಟು ಶಾಲು ಹೊದ್ದ ಅರ್ಥಧಾರಿಗಳು ಎದುರುಬದುರಾಗಿ ಕುಳಿತು ರಾಮನೂ ವಾಲಿಯೂ, ಕೃಷ್ಣನೂ ಕೌರವನೂ ಆಗಿ ಮಾತನಾಡುತ್ತಾರೆ. ಪದ ಯಾವುದೆಂದು ಮೊದಲೇ ಗೊತ್ತು. ಎದುರಾಳಿ ಏನು ಹೇಳುವನೆಂಬುದು ಗೊತ್ತಿಲ್ಲ. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಮಾತನ್ನು ಹಿಂದಕ್ಕೆ ಸರಿಸಿ ನೃತ್ಯ ಮತ್ತು ಗಾನಗಳನ್ನು ಮುಂದೆ ತಂದರು. ತಾಳಮದ್ದಳೆ ಇದಕ್ಕೆ ನೇರ ವಿರುದ್ಧವಾದ ತುದಿ. ಆಹಾರ್ಯವನ್ನೂ ಆಂಗಿಕದ ಬಹುಭಾಗವನ್ನೂ ಕಳಚಿಟ್ಟು, ವಾಚಿಕಾಭಿನಯವೊಂದರಿಂದಲೇ ನಾಟಕ ನಿಲ್ಲಬಲ್ಲದೆಂದು ತೋರಿಸಿಕೊಟ್ಟ ಇಂಥ ಇನ್ನೊಂದು ರಂಗಪ್ರಕಾರ ಭಾರತದಲ್ಲಿ ವಿರಳ.

ಧನಂಜಯನ ವಿಂಗಡಣೆ ಕೂಟದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಕೃಷ್ಣಸಂಧಾನ ಮತ್ತು ಕರ್ಣಭೇದನದ ಭಾಗಗಳು ಒಳ್ಳೆಯ ನಿದರ್ಶನ. ಕೌರವನ ಅರ್ಥಧಾರಿ ಮೊದಲು ಪೀಠಿಕೆ ಹೇಳುತ್ತಾನೆ. ತಾನು ಯಾರು, ತನ್ನ ಮನೆತನವೇನು, ಪಾಂಡವರ ಬೇಡಿಕೆ ತನಗೆ ಹೇಗೆ ಕಾಣುತ್ತದೆ ಎಂಬುದನ್ನೆಲ್ಲ ವಿಸ್ತರಿಸುತ್ತ, ನಡುನಡುವೆ ಅಲ್ಲಿಲ್ಲದ ದೂತನನ್ನೋ ಮಂತ್ರಿಯನ್ನೋ ಕರೆದು ಪ್ರಶ್ನಿಸುತ್ತಾನೆ, ಉತ್ತರವನ್ನೂ ತಾನೇ ಊಹಿಸಿಕೊಳ್ಳುತ್ತಾನೆ. ಇದು ಆಕಾಶಭಾಷಿತವೇ. ಕೃಷ್ಣನ ಪ್ರವೇಶವಾದ ಬಳಿಕ ಸಭೆಯ ವಾದ ಪ್ರತಿವಾದಗಳು, ಇದು ಸರ್ವಶ್ರಾವ್ಯ. ಸಂಧಾನ ಮುರಿದ ಮೇಲೆ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು ಅವನ ಜನ್ಮದ ಗುಟ್ಟನ್ನು ಹೇಳುತ್ತಾನೆ, ಇದು ನಿಯತಶ್ರಾವ್ಯ. ಕೃಷ್ಣ ಹೊರಟುಹೋದ ಮೇಲೆ ಕರ್ಣನಿಗೆ ಉಳಿಯುವುದು ತಾನು ಮತ್ತು ತನ್ನ ಸ್ವಗತ.

ಕೂಟದ ವಿಶೇಷ ಎದ್ದು ತೋರುವುದು ಇಲ್ಲಿ. ನಾಟಕದಲ್ಲಾದರೆ ಕೃಷ್ಣನ ಪಾತ್ರಧಾರಿ ನೇಪಥ್ಯಕ್ಕೆ ಹೋಗಿರುತ್ತಾನೆ. ಕೂಟದಲ್ಲಿ ಅವನು ನಾಲ್ಕು ಮಾರು ದೂರದಲ್ಲಿ ಕುಳಿತೇ ಇರುತ್ತಾನೆ. ಕರ್ಣನ ಒಡಲಾಳದ ಮಾತೆಲ್ಲವನ್ನೂ ಅವನ ಕಿವಿ ಕೇಳುತ್ತದೆ. ಆದರೂ ಆಮೇಲೆ ಯುದ್ಧಭೂಮಿಯಲ್ಲಿ ಎದುರಾದಾಗ ‘ಅಂದು ನೀನು ಮನಸ್ಸಿನಲ್ಲಿ ಹೀಗೆಂದುಕೊಂಡೆಯಲ್ಲ’ ಎಂದು ಅವನು ಹಂಗಿಸುವಂತಿಲ್ಲ. ನಟ ಕೇಳಿದ್ದನ್ನು ಪಾತ್ರ ಕೇಳಿಲ್ಲ. ತ್ರಿಪತಾಕ ಹಸ್ತದ ಆಸರೆಯೂ ಇಲ್ಲದೆ, ದೀಪದ ಬದಲಾವಣೆಯೂ ಇಲ್ಲದೆ, ಬರಿಯ ಸಭ್ಯತೆಯ ಬಲದಿಂದ ಇಲ್ಲಿ ಅಶ್ರಾವ್ಯವು ಅಶ್ರಾವ್ಯವಾಗಿ ಉಳಿಯುತ್ತದೆ. ಪ್ರೇಕ್ಷಕನಿಗೂ ಈ ನಿಯಮ ಗೊತ್ತಿರುತ್ತದೆ. ಯಾರಾದರೂ ಅದನ್ನು ಮೀರಿದರೆ ಸಭೆ ಅದನ್ನು ತಪ್ಪೆಂದೇ ಗುರುತಿಸುತ್ತದೆ.

ಈ ಕಲೆ ಮುಂಬಯಿಗೆ ಬಂದದ್ದು ಹೊಟ್ಟೆಪಾಡಿನ ದಾರಿಯಲ್ಲಿ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡಗಳು 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಆ ಭಾಗದವರಿಗೆ ಇದು ರಾಜಧಾನಿಯೇ ಆಗಿತ್ತು. ಓದು, ಕಚೇರಿ, ನ್ಯಾಯಾಲಯಗಳಿಗಾಗಿ ಅವರು ಬಂದರು. ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದವರು ಬಂದದ್ದು ಹೋಟೆಲು, ಮೀನುಗಾರಿಕೆ, ಗಿರಣಿ, ಸಣ್ಣಪುಟ್ಟ ನೌಕರಿಗಳಿಗಾಗಿ, ಹಡಗು ಹತ್ತಿ. ಊರಿನ ಸಂಘಟನೆಗಳೂ ಅವರೊಂದಿಗೆ ಬಂದವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಳೆಯದು. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಷನ್ 1932ರಲ್ಲಿ ಹುಟ್ಟಿದವು. ಕರ್ನಾಟಕ ಸಂಘವೂ ಮೂವತ್ತರ ದಶಕದ ಕೂಸು. ಅದರ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ ಮುಂದೆ ಕನ್ನಡ ನಾಟಕಗಳ ನೆಲೆಯಾಯಿತು. ಹಗಲೆಲ್ಲ ಲೋಟ ತೊಳೆದ ಹುಡುಗರು ರಾತ್ರಿ ಕನ್ನಡ ಶಾಲೆಗಳಲ್ಲಿ ಕುಳಿತು ಅಕ್ಷರ ಕಲಿತರು. ಸಂಘಗಳ ಆಶ್ರಯದಲ್ಲಿಯೇ ಹವ್ಯಾಸಿ ಯಕ್ಷಗಾನ ಮಂಡಳಿಗಳು ತಲೆಯೆತ್ತಿದವು.

ಈ ಹುಡುಗರಲ್ಲಿ ಬಹುಪಾಲಿನವರ ಮನೆಮಾತು ಕನ್ನಡವಾಗಿರಲಿಲ್ಲ ಎಂಬುದನ್ನು ನೆನಪಿಡಬೇಕು. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ. ಗಿರಾಕಿಯೊಡನೆ ಹಿಂದಿ, ನೆರೆಯವರೊಡನೆ ಮರಾಠಿ, ಗಲ್ಲಾದ ಲೆಕ್ಕಕ್ಕೆ ಒಂದಿಷ್ಟು ಇಂಗ್ಲಿಷು. ಕಾಳಿದಾಸನ ರಂಗದಂತೆ ಪ್ರತಿಯೊಂದು ಸಂಬಂಧಕ್ಕೂ ಒಂದೊಂದು ನುಡಿ. ಇವುಗಳಲ್ಲಿ ಕನ್ನಡ ಎಲ್ಲಿತ್ತು? ಶಾಲೆಯ ಪುಸ್ತಕದಲ್ಲಿ ಮತ್ತು ಯಕ್ಷಗಾನದಲ್ಲಿ. ಕೂಟದ ಕನ್ನಡ ದಿನಬಳಕೆಯ ಕನ್ನಡವೂ ಅಲ್ಲ. ಪೂರ್ಣ ವಾಕ್ಯಗಳ, ತತ್ಸಮಗಳಿಂದ ತುಂಬಿದ, ತರ್ಕದ ಕೊಂಡಿ ಕಳಚದ ಗಂಭೀರ ಕನ್ನಡ. ಅದರಲ್ಲಿ ಇಂಗ್ಲಿಷ್ ಪದ ನುಸುಳಬಾರದೆಂಬುದು ಕಟ್ಟುನಿಟ್ಟಿನ ಶಿಸ್ತು. ‘ಟೈಮ್’, ‘ಚಾನ್ಸ್’ಗಳಿಲ್ಲದೆ ಹಗಲಿನ ಒಂದು ವಾಕ್ಯವೂ ಮುಗಿಯದ ಊರಿನಲ್ಲಿ ರಾತ್ರಿ ಮೂರು ತಾಸು ಅಂಥ ಒಂದು ಪದವೂ ಇಲ್ಲದೆ ವಾದ ಮಾಡುವುದು ಸಣ್ಣ ಸಾಧನೆಯಲ್ಲ.

ಅಂದರೆ ಮುಂಬಯಿಯ ಬಹುಮಂದಿ ಕರಾವಳಿಗರಿಗೆ ಕನ್ನಡವೆಂಬುದು ಮೊದಲಿನಿಂದಲೂ ರಂಗದ ಭಾಷೆ. ಅದು ತಾಯಿ ಕಲಿಸಿದ ನುಡಿಯಲ್ಲ, ಕೇಳಿ ಕಲಿತ ನುಡಿ. ವಾಲಿ ರಾಮನನ್ನು ಮರೆಯಲ್ಲಿ ನಿಂತು ಕೊಂದೆಯೇಕೆಂದು ಪ್ರಶ್ನಿಸುವುದನ್ನು ಕೇಳಿದವನು ತಿಳಿದದ್ದು ರಾಮಾಯಣವನ್ನು ಮಾತ್ರವಲ್ಲ. ದೊಡ್ಡವರೆದುರು ಪ್ರಶ್ನೆ ಕೇಳುವ ಕ್ರಮವನ್ನೂ ತಿಳಿದ. ಸಂಘದ ಮಹಾಸಭೆಯಲ್ಲಿ ಎದ್ದುನಿಂತು ಲೆಕ್ಕಪತ್ರದ ಮೇಲೆ ಮಾತನಾಡುವವನ ವಾಕ್ಯದ ಓಟದಲ್ಲಿ ಕೂಟದ ಛಾಯೆ ಇರುವುದನ್ನು ಈ ಊರಿನ ಕನ್ನಡಿಗರು ಬಲ್ಲರು.

ಇಷ್ಟಾಗಿ ಈ ರಂಗ ಏಕಸ್ವರದ್ದೂ ಆಗಿರಲಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿ, ರಾವಣ, ಮಾಗಧರ ತರ್ಕಕ್ಕೆ ಹೆಸರಾದಷ್ಟೇ ಬಪ್ಪನಾಡು ಕ್ಷೇತ್ರ ಮಹಾತ್ಮೆಯ ಬಪ್ಪ ಬ್ಯಾರಿಯ ಪಾತ್ರಕ್ಕೂ ಹೆಸರಾದವರು. ಮುಸ್ಲಿಂ ವ್ಯಾಪಾರಿಯೊಬ್ಬನ ನುಡಿಗಟ್ಟನ್ನು ನಗೆಯ ಸರಕಾಗಿಸದೆ ಘನತೆಯಿಂದ ರಂಗದಲ್ಲಿ ನಿಲ್ಲಿಸಿದ್ದು ಅವರ ಹೆಚ್ಚುಗಾರಿಕೆ. ಅನುವಾದಗಳಲ್ಲಿ ಕಳೆದುಹೋದ ಭಾಷಾಭೇದ ಹೀಗೆ ಇನ್ನೊಂದು ಬಾಗಿಲಿನಿಂದ ಒಳಗೆ ಬಂತು. ದೇರಾಜೆ ಸೀತಾರಾಮಯ್ಯನವರದ್ದು ಬೇರೆ ಹಾದಿ. ಮಿತವಾದ, ಧ್ವನಿಪೂರ್ಣವಾದ ಅರ್ಥ. ಒಂದೇ ಪದ್ಯಕ್ಕೆ ಇಬ್ಬರು ಎರಡು ಬಗೆಯ ಮಾತು ಕಟ್ಟಬಲ್ಲರೆಂಬುದನ್ನು ಅರಿತ ಪ್ರೇಕ್ಷಕ ವಿಮರ್ಶಕನೂ ಆಗುತ್ತಾನೆ.

ಇದೇ ನಗರದಲ್ಲಿ ಐವತ್ತರ ದಶಕದ ಕೊನೆಗೆ ಇನ್ನೊಂದು ಘಟನೆ ನಡೆಯಿತು. ಧಾರವಾಡದಲ್ಲಿ ಪದವಿ ಮುಗಿಸಿ ಸ್ನಾತಕೋತ್ತರ ಓದಿಗೆಂದು ಮುಂಬಯಿಗೆ ಬಂದ ಗಿರೀಶ ಕಾರ್ನಾಡರು ಇಬ್ರಾಹಿಂ ಅಲ್ಕಾಜಿಯವರ ನಿರ್ದೇಶನದಲ್ಲಿ ಸ್ಟ್ರಿಂಡ್‌ಬರ್ಗನ ‘ಮಿಸ್ ಜೂಲಿ’ಯನ್ನು ನೋಡಿದರು. ಆ ಅನುಭವ ತಮ್ಮನ್ನು ಹೇಗೆ ಅಲ್ಲಾಡಿಸಿತೆಂದು ಅವರೇ ಬರೆದಿದ್ದಾರೆ. ಬೆಳಕು ನಿಧಾನವಾಗಿ ಏರಿ ಇಳಿಯುವುದನ್ನು ರಂಗದಲ್ಲಿ ಅವರು ಕಂಡದ್ದೂ ಅಲ್ಲಿಯೇ. ಒಬ್ಬ ಪಾತ್ರಧಾರಿಯನ್ನು ಉಳಿದವರಿಂದ ಬೇರ್ಪಡಿಸಲು ಭರತನಿಗೆ ಬೆರಳು ಮಡಿಸಿದ ಕೈ ಬೇಕಿತ್ತು. ಹೊಸ ರಂಗಭೂಮಿಯಲ್ಲಿ ಆ ಕೆಲಸವನ್ನು ಬೆಳಕು ಮಾಡಿತು.

‘ಮಿಸ್ ಜೂಲಿ’ಯ 1888ರ ಮುನ್ನುಡಿ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಒಬ್ಬನೇ ನಿಂತು ಮಾತನಾಡುವುದು ಅಸಹಜವೆಂದು ಅಂದಿನ ವಾಸ್ತವವಾದಿಗಳು ಸ್ವಗತವನ್ನು ನಾಟಕದಿಂದ ಹೊರಗಿಡುತ್ತಿದ್ದರು. ಸ್ಟ್ರಿಂಡ್‌ಬರ್ಗ್ ಇದನ್ನು ಒಪ್ಪಲಿಲ್ಲ. ಭಾಷಣಕಾರನೊಬ್ಬ ಕೋಣೆಯಲ್ಲಿ ಅಡ್ಡಾಡುತ್ತ ತನ್ನ ಭಾಷಣವನ್ನು ಗಟ್ಟಿಯಾಗಿ ಓದಿಕೊಳ್ಳುವುದು, ಕೆಲಸದಾಕೆ ಬೆಕ್ಕಿನೊಡನೆ, ತಾಯಿ ಹಸುಗೂಸಿನೊಡನೆ ಮಾತನಾಡುವುದು ಸಹಜವೇ ಅಲ್ಲವೇ ಎಂಬುದು ಅವನ ವಾದ. ಅಷ್ಟಕ್ಕೇ ನಿಲ್ಲದೆ, ಇಂಥ ಕಡೆ ಮಾತುಗಳನ್ನು ಪೂರ್ತಿಯಾಗಿ ಬರೆಯದೆ ಸೂಚಿಸಿಬಿಟ್ಟರೆ ಸಮರ್ಥ ನಟ ನಾಟಕಕಾರನಿಗಿಂತ ಚೆನ್ನಾಗಿ ಅವನ್ನು ಕಟ್ಟಿಕೊಳ್ಳಬಲ್ಲನೆಂದೂ ಅವನು ಹೇಳಿದ. ಪದವನ್ನು ಕೊಟ್ಟು ಅರ್ಥವನ್ನು ಪಾತ್ರಧಾರಿಗೆ ಬಿಡುವ ಕರಾವಳಿಯ ಕ್ರಮಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇರೆ ಬೇಕೇ? ಯುರೋಪು ಒಂದು ಹೊಸ ಸಾಧ್ಯತೆಯೆಂದು ಮುಂದಿಟ್ಟದ್ದು ಕನ್ನಡದ ಕೂಟಗಳಲ್ಲಿ ರೂಢಿಯಾಗಿಯೇ ನಡೆದುಬಂದಿತ್ತು.

ಕಾರ್ನಾಡರ ‘ಯಯಾತಿ’ 1961ರಲ್ಲಿ, ‘ತುಘಲಕ್’ 1964ರಲ್ಲಿ ಪ್ರಕಟವಾದವು. ‘ತುಘಲಕ್’ನಲ್ಲಿ ದರ್ಬಾರಿನ ಗಂಭೀರ ದೃಶ್ಯಗಳೂ ಬೀದಿಯ ದೃಶ್ಯಗಳೂ ಒಂದರ ಬೆನ್ನಿಗೊಂದು ಬರುವ ಕ್ರಮವನ್ನು ಅವರು ಪಾರ್ಸಿ ಕಂಪೆನಿ ನಾಟಕಗಳಿಂದ ಪಡೆದರು; ಆ ಕಂಪೆನಿಗಳ ತವರು ಮುಂಬಯಿ. ಸುಲ್ತಾನನ ಮಾತಿನಲ್ಲಿ ಪ್ರಕಾಶ ಯಾವುದು, ಸ್ವಗತ ಯಾವುದು ಎಂಬ ಗೆರೆಯೇ ಅಳಿಸಿಹೋಗುತ್ತದೆ. ಅವನು ಪ್ರಜೆಗಳೆದುರು ಆಡುವುದು ತನ್ನೊಡನೆಯೇ ಆಡಿಕೊಂಡಂತಿರುತ್ತದೆ, ಒಂಟಿಯಾಗಿ ಆಡಿಕೊಳ್ಳುವುದು ಚರಿತ್ರೆಯನ್ನು ಉದ್ದೇಶಿಸಿದಂತಿರುತ್ತದೆ. 1971ರ ‘ಹಯವದನ’ದಲ್ಲಿ ಪದ್ಮಿನಿಯ ಕನಸುಗಳನ್ನು ಗೊಂಬೆಗಳು ಆಡಿ ತೋರಿಸುತ್ತವೆ. ಅಲ್ಲಿ ನಾಯಿಕೆಯ ಸ್ವಗತ ಅವಳ ಬಾಯಿಂದ ಹೊರಡುವುದೇ ಇಲ್ಲ. ಆ ನಾಟಕವನ್ನು ನಡೆಸಿಕೊಡುವವರೂ ಒಬ್ಬ ಭಾಗವತರು. ಕರ್ಕಿಯ ಮೇಳದಿಂದ ಹೊರಟ ಎಳೆ ನೂರಮೂವತ್ತು ವರ್ಷಗಳ ಬಳಿಕ ಆಧುನಿಕ ನಾಟಕದಲ್ಲಿ ಮತ್ತೆ ಕಾಣಿಸಿಕೊಂಡಿತು.

ಈ ನಾಟಕಗಳು ಮುಂಬಯಿಯಲ್ಲಿ ದೊಡ್ಡ ಸದ್ದು ಮಾಡಿದವು. ಆದರೆ ಮಾಡಿದ್ದು ಯಾವ ಭಾಷೆಯಲ್ಲಿ? ‘ಯಯಾತಿ’ ಮತ್ತು ‘ಹಯವದನ’ಗಳನ್ನು ಸತ್ಯದೇವ ದುಬೆಯವರು ಹಿಂದಿಯಲ್ಲಿ ರಂಗಕ್ಕೆ ತಂದರು. 1970ರಲ್ಲಿ ಅಲಿಕ್ ಪದಮ್‌ಸಿಯವರು ಕಬೀರ್ ಬೇಡಿಯವರನ್ನು ಸುಲ್ತಾನನನ್ನಾಗಿಸಿ ‘ತುಘಲಕ್’ಅನ್ನು ಇಂಗ್ಲಿಷಿನಲ್ಲಿ ಆಡಿಸಿದರು, ಅದಕ್ಕಾಗಿ ಕಾರ್ನಾಡರೇ ನಾಟಕವನ್ನು ಅನುವಾದಿಸಿಕೊಟ್ಟರು. ಕನ್ನಡದಲ್ಲಿ ಹುಟ್ಟಿದ ಮಾತು ಈ ಮಹಾನಗರಕ್ಕೆ ಸರ್ವಶ್ರಾವ್ಯವಾದದ್ದು ಕನ್ನಡವನ್ನು ಕಳಚಿದ ಮೇಲೆ. ಕನ್ನಡದಲ್ಲಿಯೇ ಉಳಿದದ್ದು ನಿಯತಶ್ರಾವ್ಯವಾಗಿ, ಮಾಟುಂಗದಲ್ಲೋ ಮಾಹಿಮಿನಲ್ಲೋ ಗೊತ್ತುಪಡಿಸಿದ ಕೇಳುಗರ ನಡುವೆ ನಡೆಯಿತು. ಇದನ್ನು ದೂರೆಂದು ಹೇಳುತ್ತಿಲ್ಲ. ವಲಸೆಗಾರರ ಭಾಷೆಗೆ ಯಾವ ಮಹಾನಗರದಲ್ಲಿಯೂ ಒದಗುವ ಸ್ಥಾನ ಇದೇ. ಜನಜಂಗುಳಿಯ ನಡುವೆ ಕೈ ಅಡ್ಡ ಹಿಡಿದು ತಮ್ಮವರೊಡನೆ ಆಡಿಕೊಳ್ಳುವ ಜನಾಂತಿಕ ಅದು. ಲೋಕಲ್ ರೈಲಿನಲ್ಲಿ ಇಬ್ಬರು ಕನ್ನಡಿಗರು ಮಾತನಾಡಿಕೊಳ್ಳುವಾಗ ಸುತ್ತಲಿನವರಿಗೆ ತಿಳಿಯದೆಂಬ ಧೈರ್ಯದಿಂದಲೇ ಮಾತು ಬಿಚ್ಚಿಕೊಳ್ಳುತ್ತದೆ.

ಅಶ್ರಾವ್ಯದ ಪಾಲೂ ಮುಂಬಯಿ ಕನ್ನಡಕ್ಕೆ ದೊಡ್ಡದಾಗಿಯೇ ದಕ್ಕಿದೆ. ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಬಂತು. ಅದರ ನಾಯಕ ನಾಗಪ್ಪ ಕಂಪೆನಿಯ ಅಧಿಕಾರಿ. ಅವನ ಕಚೇರಿಯ ವ್ಯವ ಹಾರವೆಲ್ಲ ನಡೆಯುವುದು ಬೇರೆ ಭಾಷೆಯಲ್ಲಿ. ಭಯ, ಸಂಶಯ, ಹನೇಹಳ್ಳಿಯ ನೆನಪು ಇವೆಲ್ಲ ಅವನೊಳಗೆ ಮಾತಾಗುವುದು ಕನ್ನಡದಲ್ಲಿ. ಈ ನಗರ ಕನ್ನಡ ಕಾದಂಬರಿಗೆ ಕೊಟ್ಟ ಅತ್ಯಂತ ದೀರ್ಘವಾದ ಸ್ವಗತವೆಂದು ಅದನ್ನು ಓದಬಹುದು. ಹೊರಗೆ ಆಡಲು ಕೇಳುಗರಿಲ್ಲದ ಭಾಷೆ ಒಳಗೆ ಆಳವಾಗುತ್ತದೆ.

ಈಗಿನ ಸ್ಥಿತಿಯನ್ನು ನೋಡೋಣ. ಪತ್ತನಾಜೆಗೆ ಊರಿನ ಮೇಳಗಳ ತಿರುಗಾಟ ಮುಗಿದು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬರುತ್ತಾರೆ. ಪದವೀಧರ ಯಕ್ಷಗಾನ ಸಮಿತಿ, ಅಜೆಕಾರು ಕಲಾಭಿಮಾನಿ ಬಳಗದಂಥ ಸಂಸ್ಥೆಗಳು ಈ ಪರಂಪರೆಯನ್ನು ಶ್ರದ್ಧೆಯಿಂದ ಕಾಯ್ದುಕೊಂಡು ಬಂದಿವೆ. 1998ರಲ್ಲಿ ಕೊಂಕಣ ರೈಲು ಪೂರ್ಣಗೊಂಡ ಮೇಲೆ ಪ್ರಯಾಣ ಸುಲಭವಾಯಿತು. ರಾತ್ರಿ ಹತ್ತಿದರೆ ಮರುದಿನ ಮುಂಬಯಿ. ಪ್ರಸಿದ್ಧ ಅರ್ಥಧಾರಿಗಳ ಕೂಟಗಳು ಉಪನಗರಗಳ ಸಭಾಗೃಹಗಳಲ್ಲಿ ಸಾಲಾಗಿ ನಡೆಯುತ್ತವೆ. ಕೇಳುಗರೂ ಸೇರುತ್ತಾರೆ. ಆದರೆ ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ತಲೆಗಳು ನರೆತಿರುವುದು ಯಾರಿಗೂ ಕಾಣದ ಸಂಗತಿಯಲ್ಲ. ಮಹಾನಗರಪಾಲಿಕೆಯ ಕನ್ನಡ ಶಾಲೆಗಳೂ ರಾತ್ರಿ ಶಾಲೆಗಳೂ ಸೊರಗಿವೆ. ಇಲ್ಲಿ ಹುಟ್ಟಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಗುವಿಗೆ ತುಳು ಮನೆಯಲ್ಲಿ ಸಿಗುತ್ತದೆ, ಹಾಗಾಗಿ ತುಳು ನಾಟಕ ಅರ್ಥವಾಗುತ್ತದೆ. ಅದಕ್ಕೆ ಜನವೂ ಸೇರುತ್ತಾರೆ. ಕನ್ನಡ ಮನೆಯಲ್ಲಿ ಸಿಗುವ ಭಾಷೆಯಾಗಿರಲಿಲ್ಲ. ಶಾಲೆ ಮುಚ್ಚಿದಾಗ ಕೇಳುಗನ ಹುಟ್ಟೂ ನಿಂತಿತು.

ಕನ್ನಡ ಉಳಿಸಬೇಕೆಂಬ ಭಾಷಣಗಳು ಈ ಊರಿನಲ್ಲಿ ಕಡಿಮೆಯೇನಿಲ್ಲ. ಅವುಗಳಲ್ಲಿ ಮಾತನಾಡುವವರ ಬಗ್ಗೆ ಬಹಳ ಚಿಂತೆಯಿರುತ್ತದೆ, ಕೇಳುವವರ ಬಗ್ಗೆ ಚಿಂತೆ ಕಡಿಮೆ. ಅತಿಥಿ ಕಲಾವಿದರನ್ನು ಕರೆಸುವುದು, ಸನ್ಮಾನಿಸುವುದು, ಶಾಲು ಹೊದಿಸುವುದು ಎಲ್ಲವೂ ಬೇಕಾದದ್ದೇ. ಆದರೆ ಧನಂಜಯನ ಲೆಕ್ಕದಲ್ಲಿ ಮಾತಿನ ಜಾತಿಯನ್ನು ನಿರ್ಧರಿಸುವವನು ಕೇಳುಗ. ಕೇಳುಗ ಇಲ್ಲದಾಗ ಎಂಥ ವಾಗ್ಮಿಯ ಪ್ರಕಾಶವೂ ತಾನಾಗಿ ಸ್ವಗತಕ್ಕೆ ಇಳಿಯುತ್ತದೆ. ಆಡುವವನು ತಾನು ಸಭೆಗೆ ಹೇಳುತ್ತಿದ್ದೇನೆಂದೇ ನಂಬಿರುತ್ತಾನೆ. ಇನ್ನೂ ಮುಂದೆ ಹೋದರೆ ಉಳಿಯುವುದು ಆಕಾಶಭಾಷಿತ. ಎದುರಿಗಿಲ್ಲದವನನ್ನು ಕರೆದು, ಅವನ ಉತ್ತರವನ್ನೂ ನಾವೇ ಹೇಳಿಕೊಳ್ಳುವುದು.

ತಾಳಮದ್ದಳೆಯ ರಚನೆಯಲ್ಲಿಯೇ ಇದಕ್ಕೊಂದು ಪರಿಹಾರವಿದೆಯೆಂದು ತೋರುತ್ತದೆ. ಕೂಟದಲ್ಲಿ ಮೊದಲ ಕೇಳುಗ ಪ್ರೇಕ್ಷಕನಲ್ಲ, ಎದುರು ಕುಳಿತ ಅರ್ಥಧಾರಿ. ಅವನು ಕಿವಿಗೊಟ್ಟು ಕೇಳದಿದ್ದರೆ ಉತ್ತರ ಕೊಡಲಾರ. ಕಂಠಪಾಠದ ಮಾತು ಎರಡನೆಯ ಪ್ರಶ್ನೆಗೇ ಮುಗ್ಗರಿಸುತ್ತದೆ. ಆದ್ದರಿಂದ ಇಲ್ಲಿನ ಮಕ್ಕಳಿಗೆ ಯಕ್ಷಗಾನದ ಹೆಜ್ಜೆಯನ್ನು ಕಲಿಸುವ ತರಗತಿಗಳ ಜೊತೆಗೆ ಅರ್ಥ ಹೇಳುವುದನ್ನೂ ಕಲಿಸಬೇಕಾಗಿದೆ. ಬರೆದುಕೊಟ್ಟ ಮಾತನ್ನು ದೇವನಾಗರಿಯಲ್ಲೋ ರೋಮನ್ ಲಿಪಿಯಲ್ಲೋ ಗುರುತು ಹಾಕಿಕೊಂಡು ಒಪ್ಪಿಸುವುದಲ್ಲ. ಒಂದೇ ಒಂದು ಪದ್ಯ ಕೊಟ್ಟು, ಇಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ತಮ್ಮದೇ ಕನ್ನಡದಲ್ಲಿ ಉತ್ತರಿಸುವಂತೆ ಮಾಡುವುದು. ತೊದಲಿದರೂ ಆಗಬಹುದು, ನಾಲ್ಕು ವಾಕ್ಯವಾದರೂ ಆಗಬಹುದು. ಸಾವಿರ ಜನ ಸೇರುವ ಸಭಾಗೃಹ ಅದಕ್ಕೆ ಬೇಕಿಲ್ಲ. ಒಬ್ಬ ಭಾಗವತರು, ಒಂದು ಮದ್ದಳೆ, ಕೇಳಿ ಉತ್ತರಿಸಬಲ್ಲ ಇಬ್ಬರು ಇದ್ದರೆ ಕೂಟ ನಡೆಯುತ್ತದೆ.